ಹೊಡೆದವಳೇ ಮದ್ದು ಹಚ್ಚಬೇಕು

ಸುತ್ತಿಗೆಗೆ ಆ ಹೆಸರು ಇಟ್ಟವನು ಯಾರೋ ಗೊತ್ತಿಲ್ಲ. ಇಟ್ಟವನ ಮುಂದಿನ ಹಲ್ಲು ಮಾತ್ರ ಈಗ ಅವನ ಬಾಯಲ್ಲಿಲ್ಲ ಎಂದು ತಾಲೀಮು ಶೆಡ್ಡಿನಲ್ಲಿ ಹೇಳಿಕೊಂಡು ನಗುತ್ತಾರೆ. ಸಿನಿಮಾದಲ್ಲಿ ನಾಯಕಿ ಖಳನ ಕಡೆಯ ಹೆಂಗಸಿನ ದವಡೆಗೆ ಬಾರಿಸುತ್ತಾಳಲ್ಲ, ಸರಿಯಾಗಿ ಅದೇ ಹೊತ್ತಿಗೆ ಕೂದಲು ಹಾರಿ ಬಂದು ನಾಯಕಿಯ ಮುಖ ಮುಚ್ಚುತ್ತದಲ್ಲ, ಆ ಕೂದಲ ಹಿಂದೆ ಇರುವವಳು ಸುತ್ತಿಗೆ. ಏಟು ತಿಂದು, ಗಾಳಿಯಲ್ಲಿ ಗಿರ್ರನೆ ಸುತ್ತಿ, ಮೇಜು ಮುರಿದುಕೊಂಡು ನೆಲಕ್ಕೆ ಬೀಳುವವಳು ಗಿರಗಿಟ್ಲೆ. ಇಬ್ಬರೂ ಡ್ಯೂಪ್‌ಗಳು. ಎಷ್ಟೋ ನಾಯಕಿಯರು ಬಂದರು, ಮದುವೆಯಾದರು, ದಪ್ಪಗಾದರು, ಮರೆತೂ ಹೋದರು. ಈ ಜೋಡಿ ಮಾತ್ರ ಬದಲಾಗಲಿಲ್ಲ. ಒಬ್ಬಳು ಹೊಡೆಯುವವಳು, ಇನ್ನೊಬ್ಬಳು ಬೀಳುವವಳು.

ಹೊಡೆಯುವುದೆಂದರೆ ಹೊಡೆಯುವುದಲ್ಲ. ಮುಷ್ಟಿ ಚರ್ಮದಿಂದ ಒಂದು ಬೆರಳು ದೂರದಲ್ಲಿ ನಿಲ್ಲಬೇಕು, ಉಳಿದದ್ದನ್ನು ಬೀಳುವವಳ ಮೈ ಮಾಡಿ ತೋರಿಸಬೇಕು. ಆದರೆ ಮನುಷ್ಯರ ಕೈ, ಬೆವರುತ್ತದೆ, ಜಾರುತ್ತದೆ. ಆ ಒಂದು ಬೆರಳು ಆಗಾಗ ಮಾಯವಾಗಿ ನಿಜವಾದ ಏಟೇ ಬೀಳುತ್ತದೆ. ಅದಕ್ಕಾಗಿ ಫೈಟ್ ಮಾಸ್ಟರ್ ಒಂದು ಕಟ್ಟಳೆ ಮಾಡಿದ್ದರು: ಹೊಡೆದವಳೇ ಮದ್ದು ಹಚ್ಚಬೇಕು. ಬೇರೆ ಯಾರೂ ಹಚ್ಚುವಂತಿಲ್ಲ. ಬೆನ್ನು ತಿಕ್ಕುವ ಕೈಯ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಇಟ್ಟುಕೊಳ್ಳೋಕಾಗುತ್ತೆ, ಅನ್ನುವುದು ಅವರ ಲೆಕ್ಕಾಚಾರ. ಶೆಡ್ಡಿನಲ್ಲಿ ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಮಾಸ್ಟರೇ ಕಾಯಿಸಿ ಇಡುವ ಕಪ್ಪು ಎಣ್ಣೆಯೊಂದಿತ್ತು. ಅದರ ವಾಸನೆಗೆ ನೊಣ ಕೂಡ ಶೆಡ್ಡಿನ ಒಳಗೆ ಬರುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಯಾರೂ ಮಾಡಿರಲಿಲ್ಲ, ತಾನಾಗಿಯೇ ಬೆಳೆದು ಕೂತಿತ್ತು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾಸ್ಟರ್ ಕೇಳುತ್ತಿದ್ದರು, "ನೋವಿದೆಯಾ?" ಇಲ್ಲ ಅಂದವರು ಹಗ್ಗ ಕಟ್ಟಿಕೊಂಡು ಹಾರುವ ಕೆಲಸಕ್ಕೆ, ಇದೆ ಅಂದವರು ಮನೆಗೆ. ಈ ಕಸುಬಿನಲ್ಲಿ ನೋವಿದ್ದರೆ ಮಾತ್ರ ಪೆಟ್ಟು. ನೋವಿಲ್ಲದ್ದು ವಾಸಿಯಾದದ್ದು. ಮೈಯ ತುಂಬ ಊತ, ಬಾವು, ಗಂಟುಗಳನ್ನು ಹೊತ್ತು ತಿರುಗುವ ಜನಕ್ಕೆ ಇದಕ್ಕಿಂತ ಸುಲಭದ ಅಳತೆ ಇನ್ನೇನಿದೆ?

ಈ ಎರಡು ಕಟ್ಟಳೆಗಳ ನಡುವೆ ಸಿಕ್ಕಿಕೊಂಡು ಗಿರಗಿಟ್ಲೆಯ ಜೀವ ಹೋಗುವುದರಲ್ಲಿತ್ತು.

ಅದು ಶುರುವಾದದ್ದು ಮೆಟ್ಟಿಲ ಮೇಲಿನ ಹೊಡೆದಾಟದಲ್ಲಿ. ಚಳಿಗಾಲ, ಮೆಟ್ಟಿಲಿಗೆ ನೀರು ಹೊಡೆದು ಹೊಳೆಯುವ ಹಾಗೆ ಮಾಡಿದ್ದರು. ಸುತ್ತಿಗೆ ತಿರುಗಿ ಮೊಣಕೈ ಬೀಸಬೇಕು, ಗಿರಗಿಟ್ಲೆ ಹಿಂದಕ್ಕೆ ಉರುಳಬೇಕು. ಸುತ್ತಿಗೆಯ ಕಾಲು ಜಾರಿತು. ಇಡೀ ಮೈಯ ಭಾರ ಹೊತ್ತ ಮೊಣಕೈ ಗಿರಗಿಟ್ಲೆಯ ಎಡಗಡೆಯ ಮೊಲೆಗೆ ನುಗ್ಗಿತು. ಗಿರಗಿಟ್ಲೆಯ ಬಾಯಿಂದ ಉಸಿರು ಹೊರಟ ಸದ್ದು ಕ್ಯಾಮೆರಾದವನಿಗೂ ಕೇಳಿಸಿತು. ಮೆಟ್ಟಿಲುಗಳನ್ನೆಲ್ಲ ಬೆನ್ನಿನಿಂದ ಎಣಿಸುತ್ತ ಅವಳು ಕೆಳಗೆ ಬಿದ್ದಳು. ನಿರ್ದೇಶಕ ಚಪ್ಪಾಳೆ ತಟ್ಟಿ ಆ ಶಾಟನ್ನೇ ಇಟ್ಟುಕೊಂಡ.

ಅಂದು ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸುತ್ತಿಗೆ ಎಣ್ಣೆ ಹಚ್ಚಿದಳು. ಮೊಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ನಿಧಾನ ಕಣೇ, ಕತ್ತೆ. ಮಾಂಸ ಅದು, ಚಾಪೆ ಅಲ್ಲ."

"ಕತ್ತೆ ಒದ್ದಿದ್ರೆ ಇನ್ನೂ ಚೆನ್ನಾಗಿ ಬೀಳ್ತಿದ್ದೆ. ಸುಮ್ನೆ ಕೂತ್ಕೋ."

ಇಬ್ಬರೂ ನಕ್ಕರು. ನಗುವಾಗ ಗಿರಗಿಟ್ಲೆಗೆ ಎದೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬಂತು.

ಕಂದಿದ ಮೈಗೆ ಒಂದು ಕ್ರಮವಿದೆ, ಅದನ್ನು ಈ ಹೆಂಗಸರು ಚೆನ್ನಾಗಿ ಬಲ್ಲರು. ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ, ಆಮೇಲೆ ಏನೂ ಇಲ್ಲ. ಗಿರಗಿಟ್ಲೆಯ ಮೈಯೂ ಕ್ರಮ ತಪ್ಪಲಿಲ್ಲ. ನೀಲಿ ಹೋಯಿತು, ಹಳದಿಯೂ ಹೋಯಿತು. ಆದರೆ ಕೊನೆಯ ದಿನದ ಎಣ್ಣೆ ಹಚ್ಚುವಾಗ ಸುತ್ತಿಗೆಯ ಬೆರಳ ಕೆಳಗೆ ಕಡಲೆಕಾಳಿನಷ್ಟು ಗಟ್ಟಿಯಾದದ್ದು ಏನೋ ಸಿಕ್ಕಿತು. ಒತ್ತಿದಳು.

"ನೋವಾ?"

"ಇಲ್ಲ."

"ಇಷ್ಟು ಒತ್ತಿದ್ರೂ?"

"ಇಲ್ಲ ಅಂದ್ನಲ್ಲ. ರಕ್ತ ಗಟ್ಟಿಯಾಗಿರ್ಬೇಕು. ನಿನ್ನ ಮೊಣಕೈ ಕೊಟ್ಟಿದ್ದು, ಇಟ್ಕೋತೀನಿ ಬಿಡು."

ಮೊಣಕೈ ಕೊಟ್ಟದ್ದು ಎನ್ನುವ ಮಾತು ಇಬ್ಬರ ನಡುವೆ ತಮಾಷೆಯಾಗಿ ಓಡಾಡಿತು. ಗಂಟಿಗೆಂದು ಸುತ್ತಿಗೆ ಆಮೇಲೂ ದಿನಾ ತಿಕ್ಕಿದಳು. ಗಂಟು ಕರಗಲಿಲ್ಲ. ಚಳಿ ಕಳೆದು ಬಿಸಿಲು ಏರಿತು, ಕಡಲೆಕಾಳು ಗೋಲಿಯಾಯಿತು. ತಿಕ್ಕುವ ಕೈಗೆ ಅದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಇದು ನಾನು ಮಾಡಿದ್ದು, ನನ್ನ ಮೊಣಕೈಯೇ ಇವಳೊಳಗೆ ಏನನ್ನೋ ಒಡೆದು ಹಾಕಿದೆ ಅಂತ ಸುತ್ತಿಗೆ ತೀರ್ಮಾನಿಸಿಬಿಟ್ಟಳು. ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಕೇಳುವುದೇ ಏಟು ಹೇಗೆ ಬಿತ್ತು ಎಂದು. ಅದಕ್ಕೆ ಉತ್ತರ ತಾನು. ಹತ್ತು ಜನ ಗಂಡಸರ ನಡುವೆ ಗಾಜು ಒಡೆದುಕೊಂಡು ನುಗ್ಗುವ ಹೆಂಗಸು ಈ ಒಂದು ಉತ್ತರಕ್ಕೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಹೇಡಿತನಕ್ಕೆ ಮೈಕಟ್ಟು ಅಡ್ಡ ಬರುವುದಿಲ್ಲ. ಇನ್ನೂ ಗಟ್ಟಿಯಾಗಿ ತಿಕ್ಕಿದಳು, ಇನ್ನೂ ಗಟ್ಟಿಯಾಗಿ ಜೋಕು ಹೊಡೆದಳು.

ಬಾಯಿ ಬಿಚ್ಚಬೇಕಾಗಿ ಬಂದದ್ದು ಗಾಜಿನ ಅಂಗಡಿಯ ಹೊಡೆದಾಟದ ದಿನ. ಗಿರಗಿಟ್ಲೆಯನ್ನು ಹಗ್ಗಕ್ಕೆ ಕಟ್ಟಿ ಗಾಜಿನ ಕಪಾಟುಗಳ ಮೇಲೆ ಎಸೆಯಬೇಕಿತ್ತು. ಎದೆಯ ಸುತ್ತ ಪಟ್ಟಿ ಬಿಗಿಯುವ ಕೆಲಸ ಯಾವತ್ತೂ ಸುತ್ತಿಗೆಯದೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ಗಿರಗಿಟ್ಲೆ ಅಂಗಿ ಕಳಚಿ, ಎರಡೂ ಕೈ ಮೇಲಕ್ಕೆತ್ತಿ ನಿಂತಳು. ಕಿಟಕಿಯ ಬೆಳಕು ನೇರವಾಗಿ ಮೈಮೇಲೆ ಬಿದ್ದಿತ್ತು.

"ಕೈ ಇಳಿಸ್ಬೇಡ," ಎಂದಳು ಸುತ್ತಿಗೆ.

"ಯಾಕೆ, ಇವತ್ತೇನು ಹೊಸದಾಗಿ ಚೆಂದ ಕಾಣ್ತಿದೀನಾ?"

"ಬಾಯಿ ಮುಚ್ಚು. ಹಾಗೇ ನಿಲ್ಲು."

ಗಂಟಿದ್ದ ಕಡೆ ಚರ್ಮ ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದಿತ್ತು, ಒಳಗಿನಿಂದ ಯಾರೋ ದಾರ ಕಟ್ಟಿ ಜಗ್ಗಿದ ಹಾಗೆ. ಸುತ್ತಲಿನ ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿತ್ತು. ಏಟು ತಿಂದ ಮೈ ಹೀಗಾಗುವುದನ್ನು ಸುತ್ತಿಗೆ ಎಂದೂ ನೋಡಿರಲಿಲ್ಲ.

"ಆಸ್ಪತ್ರೆಗೆ ಹೋಗೋಣ. ಈಗ್ಲೇ."

ಗಿರಗಿಟ್ಲೆ ಕೈ ಇಳಿಸಿದಳು. ಮುಖದಲ್ಲಿದ್ದ ನಗು ಹೋಗಿತ್ತು. "ಎಲ್ಲಿಗೂ ಬರಲ್ಲ. ಪಟ್ಟಿ ಬಿಗಿ."

"ಇದು ನಿನಗೂ ಕಂಡಿದೆ ಅಲ್ವಾ?"

"ಕಂಡಿದೆ. ಕನ್ನಡಿ ನಮ್ಮನೇಲೂ ಇದೆ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು ಕಣೇ. ಆಸ್ಪತ್ರೆಗೆ ಹೋಗೋ ತನಕ ಚೆನ್ನಾಗಿದ್ಲು. ನೀರು ಹೊರ್ತಿದ್ಲು, ಮಕ್ಕಳಿಗೆ ಹೊಡೀತಿದ್ಲು, ಗಂಡನಿಗೆ ಬೈತಿದ್ಲು. ಕರ್ಕೊಂಡು ಹೋಗಿ ಕೊಯ್ದ್ರು. ಕೊಯ್ದ ಮೇಲೆ ಏಳಲೇ ಇಲ್ಲ. ಕೊಯ್ದಿದ್ದಕ್ಕೇ ಸತ್ತಳು."

"ಕೊಯ್ಯೋ ಮುಂಚೆ ಎಷ್ಟು ದಿನ ಮುಚ್ಚಿಟ್ಟಿದ್ಲು?"

"ಗಂಟು ಒಡೆದು, ಬಟ್ಟೆ ಒದ್ದೆಯಾಗಿ ವಾಸನೆ ಬರೋ ತನಕ."

"ಹಾಗಾದ್ರೆ ಕೊಯ್ದಿದ್ದಕ್ಕೆ ಸತ್ತಳೋ, ಮುಚ್ಚಿಟ್ಟಿದ್ದಕ್ಕೆ ಸತ್ತಳೋ? ನಿನ್ನ ತಲೇಲಿ ಏನು ತುಂಬಿದೆ?"

"ನನಗೆ ನೋವಿಲ್ಲ!" ಗಿರಗಿಟ್ಲೆ ಹಲ್ಲು ಕಚ್ಚಿ ಅಂದಳು. "ನೋವಿಲ್ಲ ಅಂದ್ಮೇಲೆ ಮುಗೀತು. ಮಾಸ್ಟ್ರಿಗೆ ಹೇಳಿದ್ರೆ ನಿನ್ನ ಮುಖ ನೋಡಲ್ಲ."

ಹೊರಗೆ ಮಾಸ್ಟರ್ ಕೂಗಿದರು. ಗಿರಗಿಟ್ಲೆ ಪಟ್ಟಿಯನ್ನು ತಾನೇ ಬಿಗಿದುಕೊಂಡು, ಮೇಲೆ ಅಂಗಿ ತೊಟ್ಟು ಹೊರಟಳು.

ಗಾಜಿನ ಅಂಗಡಿ ಸಿದ್ಧವಾಗಿತ್ತು. ನಿಜವಾದ ಗಾಜಲ್ಲ, ಏಟಿಗೆ ಪುಡಿಯಾಗುವ ಸಕ್ಕರೆ ಗಾಜು. ದೀಪಗಳು ಹತ್ತಿಕೊಂಡವು, ಕ್ಯಾಮೆರಾ ತಿರುಗಿತು. ಸುತ್ತಿಗೆ ಮುಷ್ಟಿ ಎತ್ತಿದಳು. ಎತ್ತಿದ ಮುಷ್ಟಿ ಹಾಗೇ ನಿಂತಿತು. ಆ ಪಟ್ಟಿಯ ಕೆಳಗಿದ್ದ ಗುಳಿ ಬಿಟ್ಟರೆ ಅವಳ ಕಣ್ಣಿಗೆ ಬೇರೇನೂ ಕಾಣಿಸುತ್ತಿರಲಿಲ್ಲ.

"ಮಾಸ್ಟ್ರೇ," ಎಂದು ಕೂಗಿದಳು. "ನಾನಿವತ್ತು ಇವಳಿಗೆ ಹೊಡೆಯಲ್ಲ. ಇವಳ ಎದೇಲಿ..."

ಮಾತು ಮುಗಿಯುವ ಮೊದಲೇ ಬಾಯಿ ಮೇಲೆ ಏಟು ಬಿತ್ತು. ಹದಿನೈದು ವರ್ಷ ಏಟು ತಿಂದು ಬಿದ್ದವಳು ಮೊದಲ ಸಲ ಕೈ ಎತ್ತಿದ್ದಳು, ಅದೂ ಒಂದು ಬೆರಳಿನ ಅಂತರ ಬಿಡದೆ. ಸುತ್ತಿಗೆಯ ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಬಂತು.

"ಹೇಳ್ತೀಯಾ? ಹೇಳು, ನೋಡೋಣ!"

"ಹೇಳ್ತೀನಿ!"

ಎರಡನೆಯ ಏಟು ಕಿವಿಗೆ. ಸುತ್ತಿಗೆಗೆ ಪಿತ್ತ ನೆತ್ತಿಗೇರಿತು. ಗಿರಗಿಟ್ಲೆಯ ಸೊಂಟ ಹಿಡಿದು ಎತ್ತಿ ಕಪಾಟಿನ ಮೇಲೆ ಎಸೆದಳು. ಗಾಜೆಲ್ಲ ಚೂರಾಗಿ ನೆಲಕ್ಕೆ ಸುರಿಯಿತು. ಗಿರಗಿಟ್ಲೆ ಬಿದ್ದಷ್ಟೇ ಬೇಗ ಎದ್ದಳು. ಬೀಳುವುದು, ಏಳುವುದು ಅವಳ ಕಸುಬು. ಕಪಾಟಿನ ಮರದ ಪಟ್ಟಿ ಕಿತ್ತುಕೊಂಡು ಬಂದು ಸುತ್ತಿಗೆಯ ತೊಡೆಗೆ ಬಾರಿಸಿದಳು. ಪಟ್ಟಿ ನಿಜವಾದ ಮರದ್ದು. ಸುತ್ತಿಗೆ ಮಂಡಿಯೂರಿದಳು, ಊರಿದಲ್ಲಿಂದಲೇ ಅವಳ ಕಾಲು ಹಿಡಿದು ಎಳೆದಳು. ಇಬ್ಬರೂ ಗಾಜಿನ ಚೂರಿನಲ್ಲಿ ಉರುಳಾಡಿದರು, ಕೂದಲು ಹಿಡಿದರು, ಕಚ್ಚಿದರು. ಸುತ್ತಿಗೆ ಬೀಸುವ ಪ್ರತಿ ಏಟೂ ಗಿರಗಿಟ್ಲೆಗೆ ಮೊದಲೇ ಗೊತ್ತು, ಅಷ್ಟು ವರ್ಷ ಅದನ್ನೇ ತಿಂದವಳಲ್ಲವೇ. ಎಲ್ಲದಕ್ಕೂ ತಪ್ಪಿಸಿಕೊಂಡಳು. ಸುತ್ತಿಗೆಯ ಕೈಗಳೂ, ಪಿತ್ತ ನೆತ್ತಿಗೇರಿದ್ದರೂ, ಅವಳ ಎಡಗಡೆಯನ್ನು ಬಿಟ್ಟು ಉಳಿದ ಕಡೆಯೇ ಹೋಗುತ್ತಿದ್ದವು.

ಇತ್ತ ನಿರ್ದೇಶಕನಿಗೆ ಆನಂದ ತಡೆಯಲಾಗುತ್ತಿಲ್ಲ. "ಕಟ್ ಮಾಡ್ಬೇಡಿ, ಯಾರೂ ಕಟ್ ಮಾಡ್ಬೇಡಿ! ಎಂಥಾ ಫೀಲಿಂಗು!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಅಂಥವನಿಗೆ ಏನು ಹೇಳುವುದು? ಇಬ್ಬರು ಹೆಂಗಸರು ಜೀವಕ್ಕಾಗಿ ಹೊಡೆದಾಡುತ್ತಿದ್ದಾರೆ, ಅವನಿಗೆ ಲೈಟಿಂಗು ಚೆನ್ನಾಗಿ ಬಂದಿದೆ.

ಕೊನೆಗೆ ಎದುರುಬದುರಾಗಿ ನಿಂತರು. ಇಬ್ಬರಿಗೂ ಏದುಸಿರು. ಗಿರಗಿಟ್ಲೆ ಅಳುತ್ತಿದ್ದಳು, ಅಳುತ್ತಲೇ ಬಲಗೈ ಹಿಂದಕ್ಕೆ ಎಳೆದಳು. ಸುತ್ತಿಗೆಗೆ ಆ ಏಟು ಬರುವುದು ಕಂಡಿತು. ತಡೆಯಲು ಎರಡೂ ಕೈ ಮುಖದ ಮುಂದೆ ಬಂದಿದ್ದವು ಕೂಡ. ಆಗ ಅವಳಿಗೆ ಶೆಡ್ಡಿನ ಕಟ್ಟಳೆ ನೆನಪಾಯಿತು. ಹೊಡೆದವಳೇ ಮದ್ದು ಹಚ್ಚಬೇಕು.

ಸುತ್ತಿಗೆ ಕೈ ಇಳಿಸಿಬಿಟ್ಟಳು.

ಮೂಗಿನ ಮೂಳೆ ಮುರಿದ ಸದ್ದು ದೀಪ ಹಿಡಿದವನ ತನಕ ಹೋಯಿತು. ಆಗ ಇದು ನಟನೆಯಲ್ಲ ಎಂದು ಗೊತ್ತಾಗಿ ಮಾಸ್ಟರ್ ಓಡಿ ಬಂದರು. ಸುತ್ತಿಗೆ ಗಾಜಿನ ಪುಡಿಯಲ್ಲಿ ಕೂತಿದ್ದಳು, ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಯಾರು ಹೊಡೆದಿದ್ದು?"

"ನಾನು," ಎಂದಳು ಗಿರಗಿಟ್ಲೆ, ತನ್ನ ಮುಷ್ಟಿಯನ್ನೇ ನೋಡುತ್ತ.

"ಹಾಗಾದ್ರೆ ಇನ್ನೇನು ನೋಡ್ತಾ ನಿಂತಿದೀಯ? ಕರ್ಕೊಂಡು ಹೋಗು ಆಸ್ಪತ್ರೆಗೆ!"

ಗಿರಗಿಟ್ಲೆಯ ಗಂಡ ಚಿತ್ರೀಕರಣಕ್ಕೆ ಜನರೇಟರ್ ಗಾಡಿ ಓಡಿಸುವವನು, ಬಾಯಿ ಸತ್ತವನು. ಅವನ ಗಾಡಿಯಲ್ಲೇ ಹೋದರು. ರಕ್ತ ಕಂಡರೆ ಅವನಿಗೆ ತಲೆ ಸುತ್ತುತ್ತದೆ, ಆದ್ದರಿಂದ ದಾರಿಯುದ್ದಕ್ಕೂ ಎದುರಿನ ರಸ್ತೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಸುತ್ತಿಗೆಯ ಮೂಗನ್ನು ನೇರ ಮಾಡಿ, ಎರಡೂ ಹೊಳ್ಳೆಗಳಿಗೆ ಬಟ್ಟೆ ತುರುಕಿದರು. ನೇರ ಮಾಡುವಾಗ ಅವಳು ಕಿರುಚಿದ್ದು ಕೇಳಿ ಪಕ್ಕದ ಹಾಸಿಗೆಯ ಮುದುಕ ಎದ್ದು ಕೂತ. ಕೆಲಸ ಮುಗಿದ ಮೇಲೆ ಸುತ್ತಿಗೆ ಗಿರಗಿಟ್ಲೆಯ ಮಣಿಕಟ್ಟು ಹಿಡಿದುಕೊಂಡಳು.

"ಈಗ ಮಹಡಿ ಮೇಲೆ ಹೋಗೋಣ. ಹೆಂಗಸರ ಡಾಕ್ಟ್ರು ಇದಾರೆ."

"ಬರಲ್ಲ ಅಂದೆ."

"ಹೊಡೆದೋಳು ಯಾರು?"

ಗಿರಗಿಟ್ಲೆ ಮಣಿಕಟ್ಟು ಬಿಡಿಸಿಕೊಳ್ಳಲು ಎಳೆದಳು, ಸುತ್ತಿಗೆ ಬಿಡಲಿಲ್ಲ.

"ಮದ್ದು ಹಚ್ಚಬೇಕಾದೋಳು ನೀನು. ನನಗೆ ಬೇಕಾಗಿರೋ ಮದ್ದು ಇದೇ. ನೀನು ಮೇಲೆ ಬಾ. ಇಲ್ಲಾಂದ್ರೆ ಈ ಮೂಗಿನ ಬಟ್ಟೆ ಕಿತ್ತು ಹಾಕ್ತೀನಿ."

"ಕಿತ್ತು ಹಾಕು. ಹೆದರಿಸ್ತೀಯಾ?"

ಸುತ್ತಿಗೆ ಕಿತ್ತೇ ಹಾಕಿದಳು. ರಕ್ತ ಅಂಗಿಯ ಮೇಲೆ, ನೆಲದ ಮೇಲೆ, ಗಿರಗಿಟ್ಲೆಯ ಪಾದದ ಮೇಲೆ ಸುರಿಯಿತು. ನರ್ಸು ಬೈಯುತ್ತ ಓಡಿ ಬಂದಳು. ಜನರೇಟರ್ ಗಾಡಿಯವನು ಸದ್ದಿಲ್ಲದೆ ಗೋಡೆಗೆ ಒರಗಿ ಕೆಳಕ್ಕೆ ಜಾರಿದ. ಗಿರಗಿಟ್ಲೆ ಅವನನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಬರ್ತೀನಿ ಕಣೇ! ಬರ್ತೀನಿ! ಮೊದಲು ಮೂಗು ಮುಚ್ಕೋ, ರಾಕ್ಷಸಿ!"

ಮಹಡಿಯ ಮೇಲಿನ ಡಾಕ್ಟರಮ್ಮ ಸಣ್ಣ ಮೈಯವರು, ಯಾವ ರಕ್ತಕ್ಕೂ ಬೆಚ್ಚುವವರಲ್ಲ. ಗಿರಗಿಟ್ಲೆಯನ್ನು ಕೂರಿಸಿ, ಕೈ ಎತ್ತಿಸಿ, ಮಲಗಿಸಿ, ಮೊಲೆ ಕಂಕುಳು ಎಲ್ಲ ನಿಧಾನವಾಗಿ ಮುಟ್ಟಿ ನೋಡಿದರು. ಯಂತ್ರದಲ್ಲಿಟ್ಟು ಚಿತ್ರ ತೆಗೆಸಿದರು, ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಇಬ್ಬರೂ ಹೋದರು. ಕ್ಯಾನ್ಸರ್ ಎಂದರು. ಕಂಕುಳಿಗೂ ಸ್ವಲ್ಪ ಇಳಿದಿದೆ, ಆದರೂ ಗುಣ ಮಾಡುವ ದಾರಿ ಇದೆ, ತಡ ಮಾಡಬಾರದು ಎಂದರು. ಗಿರಗಿಟ್ಲೆಯ ಬದಲು ಸುತ್ತಿಗೆ ಎದ್ದು ನಿಂತಳು.

"ನನ್ನಿಂದ ಆಗಿದ್ದು ಮೇಡಂ. ನನ್ನ ಮೊಣಕೈ ಬಿದ್ದಿತ್ತು. ಅಲ್ಲೇ, ಅದೇ ಜಾಗಕ್ಕೆ."

"ಕೂತ್ಕೊಳ್ಳಮ್ಮ," ಎಂದರು ಡಾಕ್ಟರಮ್ಮ. "ಏಟು ಬಿದ್ದು ಕ್ಯಾನ್ಸರ್ ಬರಲ್ಲ. ಅದು ಮೊದಲೇ ಇತ್ತು. ಏಟು ಬಿದ್ದಿದ್ದಕ್ಕೆ ನೀವು ಅಲ್ಲಿ ಕೈ ಇಟ್ರಿ, ಕೈಗೆ ಸಿಕ್ತು. ಯಾವಾಗ ಸಿಕ್ಕಿದ್ದು?"

"ಚಳಿಗಾಲದಲ್ಲಿ."

"ಅವತ್ತೇ ಬರ್ಬೇಕಿತ್ತು. ಕಂಕುಳಿಗೆ ಇಳಿಯೋಕೆ ಮುಂಚೆ ಸಿಗ್ತಿತ್ತೋ ಏನೋ. ಗಂಟುಗಳಲ್ಲಿ ಬಹಳಷ್ಟು ಏನೂ ಅಲ್ಲದ್ದೇ ಇರುತ್ತೆ, ಆದ್ರೆ ಅದನ್ನ ಹೇಳ್ಬೇಕಾದೋರು ನಾವು, ನೀವಲ್ಲ. ನೋವಿಲ್ಲ ಅಂತ ಕಾದ್ರಾ?"

ಇಬ್ಬರೂ ಹೌದೆಂದು ತಲೆ ಆಡಿಸಿದರು.

"ಎಲ್ಲರೂ ಹಾಗೇ ಕಾಯೋದು. ಶುರುವಿನಲ್ಲಿ ಇದು ಹೆಚ್ಚಾಗಿ ನೋಯಲ್ಲ."

ಏಟಿನಿಂದ ಆದದ್ದಲ್ಲ ಎಂದು ಕೇಳಿ ಸುತ್ತಿಗೆಯ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಇನ್ನೂ ಭಾರವಾಯಿತು. ಅವಳ ಮೊಣಕೈ ಗೆಳತಿಗೆ ಉಪಕಾರವನ್ನೇ ಮಾಡಿತ್ತು, ಗಂಟನ್ನು ಹುಡುಕಿ ಕೊಟ್ಟಿತ್ತು. ಅಪಕಾರ ಮಾಡಿದ್ದು ಮುಚ್ಚಿಕೊಂಡ ಅವಳ ಬಾಯಿ.

ಮುಂದಿನ ತಿಂಗಳುಗಳನ್ನು ಹೊಡೆದಾಟ ಎನ್ನದೆ ಬೇರೇನೂ ಅನ್ನಲಾಗದು, ಈ ಸಲ ಎದುರಾಳಿ ಒಂದು ಬೆರಳಿನ ಅಂತರವನ್ನೂ ಬಿಡುತ್ತಿರಲಿಲ್ಲ. ಎಡಮೊಲೆಯನ್ನು ತೆಗೆದರು. ಆಮೇಲೆ ರಕ್ತನಾಳಕ್ಕೆ ಔಷಧಿ ಹರಿಸುವುದು ಶುರುವಾಯಿತು. ಗಿರಗಿಟ್ಲೆ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು, ಸುತ್ತಿಗೆ ಬೇಸಿನ್ ಹಿಡಿದಳು. ಕೂದಲು ಉದುರತೊಡಗಿದಾಗ "ಒಂದೊಂದೇ ಉದುರೋದು ನೋಡೋಕಾಗಲ್ಲ, ಬೋಳಿಸಿಬಿಡು" ಎಂದಳು. ಸುತ್ತಿಗೆ ಬೋಳಿಸಿದಳು. ಬೋಳಿಸಿ ಮುಗಿದ ಮೇಲೆ ಗಿರಗಿಟ್ಲೆ ಗೋಡೆಯ ಕನ್ನಡಿಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಇದು ಸಕ್ಕರೆ ಗಾಜಲ್ಲ. ಚೂರುಗಳನ್ನು ಗಂಡ ಬರಿಗೈಯಲ್ಲಿ ಆರಿಸಿದ, ಬೆರಳು ಕುಯ್ದುಕೊಂಡು, ತನ್ನ ರಕ್ತ ತಾನೇ ನೋಡಿ ಕುಸಿದು ಕೂತ. ಅವನಿಗೂ ಸುತ್ತಿಗೆಯೇ ಪಟ್ಟಿ ಕಟ್ಟಿದಳು.

"ಭಾವ, ನೀವು ಅಡುಗೆ ಮನೆ ನೋಡ್ಕೊಳ್ಳಿ. ಈ ಕಡೆ ನಾನಿದೀನಿ."

"ನೀವಿರೋದಕ್ಕೇ ಅಕ್ಕ, ನಾನು ಉಸಿರಾಡ್ತಿರೋದು," ಎಂದ ಅವನು. ಅವನ ಬಾಯಿಂದ ಅಷ್ಟುದ್ದದ ಮಾತು ಯಾರೂ ಕೇಳಿರಲಿಲ್ಲ.

ಆ ಮಾತು ಸುತ್ತಿಗೆಯನ್ನು ಚುಚ್ಚಿತು. ಅಂದು ಮಧ್ಯಾಹ್ನ ಗಿರಗಿಟ್ಲೆ ದಿಂಬಿಗೊರಗಿ ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದಾಗ ಅವಳು ಮಂಚದ ಕಾಲಬಳಿ ನಿಂತು ಹೇಳಿಬಿಟ್ಟಳು.

"ನನಗೆ ಗೊತ್ತಾಗಿತ್ತು ಕಣೇ. ಗಂಟು ದೊಡ್ಡದಾಗ್ತಿದೆ ಅಂತ ತಿಕ್ಕೋವಾಗಲೇ ಗೊತ್ತಾಗಿತ್ತು. ನಾನೇ ಮಾಡಿದ್ದು ಅಂತ ಹೊರಗೆ ಬರುತ್ತೆ ಅಂತ ಹೆದರಿ ಬಾಯಿ ಬಿಡ್ಲಿಲ್ಲ."

ಲೋಟ ಹಾರಿ ಬಂದು ಹುಬ್ಬಿಗೆ ಬಡಿಯಿತು. ನೀರೂ ರಕ್ತವೂ ಒಟ್ಟಿಗೆ ಕಣ್ಣಿಗಿಳಿದವು. ಸುತ್ತಿಗೆ ಕದಲಲಿಲ್ಲ. ಮಂಚದ ಮೇಲಿನ ಬೋಳುತಲೆಯ ಹೆಂಗಸು ದಿಂಬು ಬಿಟ್ಟು ಎದ್ದು ಕೂತಿದ್ದಳು.

"ನೀನು ದಿನಾ ತಿಕ್ತಿದ್ದೆ! ದಿನಾ! ಜೋಕು ಹೊಡೀತಾ ತಿಕ್ತಿದ್ದೆ!"

"ಹೌದು."

"ಸಾಯಿಸ್ತಿದ್ದೆಯಲ್ಲೇ ನನ್ನ!"

"ಹೌದು."

ಸುತ್ತಿಗೆಯ ಹುಬ್ಬಿನ ರಕ್ತ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಆಮೇಲೆ ಗಿರಗಿಟ್ಲೆ, "ಬಾ ಇಲ್ಲಿ," ಎಂದಳು. "ಹತ್ತಿ ತಗೊಂಡು ಬಾ."

ಸುತ್ತಿಗೆ ಹತ್ತಿರ ಕೂತಳು. ಗಿರಗಿಟ್ಲೆ ಸೂಜಿ ಚುಚ್ಚಿ ಕಪ್ಪಾಗಿದ್ದ ಕೈಯಿಂದಲೇ ಹುಬ್ಬಿನ ಗಾಯ ಒರೆಸಿ ಔಷಧಿ ಹಚ್ಚಿದಳು, ಉರಿಯಲಿ ಎಂದು ಬೇಕಂತಲೇ ಒತ್ತಿ ಹಚ್ಚಿದಳು.

"ಈ ಸಿಟ್ಟು ನನಗೆ ಸಾಯೋ ತನಕ ಇರುತ್ತೆ, ತಿಳ್ಕೋ. ಬೇಗ ಸಾಯ್ತೀನಿ ಅಂತ ಮಾತ್ರ ಅಂದ್ಕೋಬೇಡ." ಹತ್ತಿಯನ್ನು ಬಿಸಾಕಿ ಕಣ್ಣು ಮುಚ್ಚಿದಳು. "ನನಗೂ ಗೊತ್ತಿತ್ತಲ್ಲ. ನಾನೂ ನೋವಿಲ್ಲ ನೋವಿಲ್ಲ ಅಂತ ನನಗೇ ಹೇಳ್ಕೊಂಡೆ. ನಿನ್ನ ಪಾಲಿನ ತಪ್ಪು ನಿನಗೆ, ನನ್ನ ಪಾಲಿನದು ನನಗೆ. ಬೇಸಿನ್ ಕೊಡು ಈಗ, ಬರ್ತಿದೆ."

ಸುತ್ತಿಗೆ ಬೇಸಿನ್ ಹಿಡಿದಳು.

ಔಷಧಿ ಮುಗಿಯಿತು. ಕೊಯ್ದ ಕಡೆ ಬಿಗಿದು ಗಿರಗಿಟ್ಲೆಯ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಮೇಲೆ ಮೇಲೆ ಹೋಗಬೇಕೆಂದು ಹೇಳಿಕೊಟ್ಟಿದ್ದರು. ಸುತ್ತಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಳು. ಗೆರೆ ಮುಟ್ಟದ ದಿನ ಬೈದಳು, ಮುಟ್ಟಿದ ದಿನ ಇನ್ನೊಂದು ಗೆರೆಯನ್ನು ಮೇಲೆ ಎಳೆದು ಬೈಸಿಕೊಂಡಳು.

ಶೆಡ್ಡಿನಲ್ಲೂ ಅವಳು ಸುಮ್ಮನಿರಲಿಲ್ಲ. ಅಲ್ಲಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬಳನ್ನಾಗಿ ಕುತ್ತಿಗೆಪಟ್ಟಿ ಹಿಡಿದು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ನಾಚಿಕೆ ಅಂದವಳಿಗೆ, "ಹಗ್ಗಕ್ಕೆ ನೇತಾಡೋವಾಗ ಎಲ್ಲಿತ್ತು ನಿನ್ನ ನಾಚಿಕೆ?" ಎಂದಳು. ಪುರುಸೊತ್ತಿಲ್ಲ ಅಂದವಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದಳಂತೆ. ಒಬ್ಬಳಿಗೆ ಗಂಟು ಇತ್ತು, ಪರೀಕ್ಷೆಯಲ್ಲಿ ಅದು ಬರೀ ನೀರಿನ ಗುಳ್ಳೆ ಎಂದು ಗೊತ್ತಾಗಿ, ಆಕೆ ಹೊರಗೆ ಬಂದು ಸುತ್ತಿಗೆಯನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಮಾಸ್ಟರ್ ಕೂಡ ಬೆಳಗಿನ ಸಾಲಿನಲ್ಲಿ ಕೇಳುವ ಪ್ರಶ್ನೆಯನ್ನು ಉದ್ದ ಮಾಡಿದ್ದರು. "ನೋವಿದೆಯಾ? ನೋವಿಲ್ಲದ್ದು ಏನಾದ್ರೂ ಇದೆಯಾ?"

ಗಿರಗಿಟ್ಲೆ ಶೆಡ್ಡಿಗೆ ವಾಪಸು ಬಂದ ದಿನ ಎಲ್ಲರೂ ಚಾಪೆಯ ಸುತ್ತ ನೆರೆದರು. ತಲೆಯ ಮೇಲೆ ಒಂದಿಷ್ಟು ಮೋಟು ಕೂದಲು, ಅಂಗಿಯ ಎಡಗಡೆ ಸಪಾಟು. ಅದನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಯಾರು ಯಾರು ತೋರಿಸಿಕೊಂಡು ಬಂದಿರಿ ಎಂದು ಕೇಳಿದಳು. ಹೆಂಗಸರೆಲ್ಲ ಕೈ ಎತ್ತಿದರು, ಎತ್ತಿ ಸುತ್ತಿಗೆಯ ಮೇಲೆ ದೂರು ಹೇಳಿದರು. ನಗು ಎದ್ದಿತು.

"ನೀನು ಯಾವಾಗ ಹೋದೆ?" ಎಂದಳು ಗಿರಗಿಟ್ಲೆ.

ಸುತ್ತಿಗೆ ಬಗ್ಗಿ ಚಾಪೆಯ ಮಡಿಕೆ ಸರಿಮಾಡತೊಡಗಿದಳು. "ನಾನಾ? ಇವರನ್ನೆಲ್ಲ ಕರ್ಕೊಂಡು ಹೋಗೋದ್ರಲ್ಲೇ ಆಯ್ತು."

"ಯಾವಾಗ ಹೋದೆ ಅಂದೆ."

"ನನಗೇನೇ ಆಗಿದೆ? ನನಗೆ ನೋವಿಲ್ಲ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವಳ ಕಿವಿಗೇ ಕೇಳಿಸಿತು. ನಗು ನಿಂತಿತು. ಅಷ್ಟು ಜನರನ್ನು ಡಾಕ್ಟರಮ್ಮನ ಕೋಣೆಯ ಒಳಕ್ಕೆ ದಬ್ಬಿ ತಾನು ಮಾತ್ರ ಪ್ರತಿ ಸಲವೂ ಹೊರಗಿನ ಬೆಂಚಿನಲ್ಲಿ ಕೂತದ್ದು ಯಾಕೆಂದು ಸುತ್ತಿಗೆಗೆ ಗೊತ್ತಿತ್ತು. ಅವಳು ಹೆದರಿದ್ದಳು. ಬೇಸಿನ್ ಹಿಡಿದ ತಿಂಗಳುಗಳೆಲ್ಲ ಅವಳ ಕಣ್ಣ ಮುಂದೆ ಇದ್ದವು. ಸ್ನಾನ ಮಾಡುವಾಗ ಕೂಡ ತನ್ನ ಎದೆಯ ಮೇಲೆ ಕೈ ನಿಲ್ಲಿಸದೆ ಸೋಪು ತೊಳೆದುಕೊಂಡು ಬರುತ್ತಿದ್ದಳು.

ಗಿರಗಿಟ್ಲೆ ಚಪ್ಪಲಿ ಕಳಚಿ ಚಾಪೆಯ ಮೇಲೆ ಬಂದಳು. "ನಿಲ್ಲು ಸರಿಯಾಗಿ."

"ಲೇ, ಬೇಡ. ನಿನಗಿನ್ನೂ ಮೈಯಲ್ಲಿ ಶಕ್ತಿ ಇಲ್ಲ."

"ಇದೆಯೋ ಇಲ್ವೋ ನೋಡ್ಕೋ."

ಬಲಗೈ ಬೀಸಿ ಬಂತು. ಒಂದು ಬೆರಳಿನ ಅಂತರ ಬಿಡಲಿಲ್ಲ. ಸುತ್ತಿಗೆ ತಡೆಯಬಹುದಿತ್ತು, ಈ ಸಲವೂ ತಡೆಯಲಿಲ್ಲ. ದವಡೆಗೆ ಬಿದ್ದ ಏಟಿಗೆ ಅವಳು ಚಾಪೆಯ ಮೇಲೆ ಅಂಗಾತ ಬಿದ್ದಳು. ಸೂರಿನ ತಗಡು ಕಣ್ಣ ಮುಂದೆ ಗಿರ್ರನೆ ತಿರುಗಿತು. ಅದು ನಿಂತಾಗ ಗಿರಗಿಟ್ಲೆಯ ಮುಖ ಮೇಲಿನಿಂದ ಬಗ್ಗಿ ನೋಡುತ್ತಿತ್ತು. ಅವಳ ಕಣ್ಣಿನಿಂದ ನೀರು ಸುತ್ತಿಗೆಯ ಹಣೆಯ ಮೇಲೆ ಬಿತ್ತು.

"ಏಳು. ಹೊಡೆದೋಳು ನಾನು. ಮದ್ದು ಎಲ್ಲಿದೆ ಅಂತ ನನಗೆ ಗೊತ್ತು."

ಎಂದು ಕೈ ಚಾಚಿದಳು. ಎಡಗೈ. ಗೋಡೆಯ ಮೇಲೆ ಗೆರೆಯಿಂದ ಗೆರೆಗೆ ಹತ್ತಿದ ಕೈ, ಅದಕ್ಕೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಸುತ್ತಿಗೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಭಾರ ಮಾತ್ರ ಹಾಕಲಿಲ್ಲ, ತನ್ನ ಮೊಣಕಾಲಿನ ಮೇಲೆ ತಾನೇ ಎದ್ದಳು.

"ನನಗೆ ಭಯ ಕಣೇ," ಎಂದಳು.

"ಗೊತ್ತು," ಎಂದಳು ಗಿರಗಿಟ್ಲೆ, ಕೈ ಬಿಡದೆ. "ನಡಿ, ಡಾಕ್ಟ್ರು ಊಟಕ್ಕೆ ಏಳೋದ್ರೊಳಗೆ ಹೋಗ್ಬೇಕು."